ಮಗುಚದ ರಟ್ಟು

"ಮುಟ್ಟಬೇಡಿ," ಎಂದಳು ದೊಡ್ಡಕ್ಕ.

ಮಫ್ತಿಯಲ್ಲಿ ಬಂದಿದ್ದ ಪೊಲೀಸ್ ಸಾಹೇಬರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಠಾಣೆಯಲ್ಲಿ ಅವರು ಕೈ ಚಾಚಿದರೆ ಎದುರಿಗಿದ್ದವರು ಹಿಂದೆ ಸರಿಯುವುದು ವಾಡಿಕೆ. ಇಲ್ಲಿ ಎಲ್ಲ ತಿರುಗುಮುರುಗು.

ಅಂಗಡಿಯ ರಿಪೇರಿ ಬೆಂಚಿನ ಮೇಲೆ ಮಡಿಸಿದ ಕಂಬಳಿ. ಕಂಬಳಿಯ ಮೇಲೆ ಆ ಟೊಳ್ಳು ಗಿಟಾರ್, ಜ್ವರ ಬಂದ ಮಗುವಿನ ಹಾಗೆ ಅಂಗಾತ ಮಲಗಿತ್ತು. ದೊಡ್ಡಕ್ಕ ಹಲ್ಲಿನ ಡಾಕ್ಟರ ಬಳಿ ಇರುವಂಥ ಪುಟ್ಟ ಕನ್ನಡಿಯನ್ನು ಅದರ ಮುಖದ ಮೇಲಿನ ಉದ್ದ ಸೀಳಿನೊಳಕ್ಕೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದಳು.

ವಾದ್ಯಗಳ ಗೋಡೌನಿನ ಯಜಮಾನರು ಮಂಗಳವಾರ ಮಧ್ಯಾಹ್ನ ಎರಡರಿಂದ ಐದರ ನಡುವೆ ತಮ್ಮದೇ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದವರು, ಶುಕ್ರವಾರವಾದರೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ನಕಲಿ ಬಿಡಿಭಾಗ ಕೊಟ್ಟಿರೆಂದು ಹಿಂದಿನ ವಾರ ಅವರ ಮೇಲೆ ಕೂಗಾಡಿದ್ದ ದೊಡ್ಡಕ್ಕನ ತಮ್ಮ ಲಾಕಪ್ಪಿನಲ್ಲಿದ್ದ.

"ನಿಮ್ಮ ತಮ್ಮ ಹೇಳೋದು ಒಂದೇ ಮಾತು," ಎಂದರು ಮಫ್ತಿ. "ಮಂಗಳವಾರ ಒಂದೂವರೆಗೆ ಮೇಷ್ಟ್ರು ಗಿಟಾರ್ ತಂದ್ರು. ಆರು ಗಂಟೆವರೆಗೂ ಇದೇ ಬೆಂಚಲ್ಲಿ ಕೂತು ಒಳಗಿನ ವೈರೆಲ್ಲ ಬದಲಾಯಿಸಿದೆ. ಎದ್ದೇ ಇಲ್ಲ. ಅಷ್ಟೇ."

"ನಾನೂ ಅದನ್ನೇ ಹೇಳಿದ್ದು," ಎಂದರು ಗಿಟಾರ್ ಮೇಷ್ಟ್ರು. ಗಿಟಾರ್ ಅವರದೇ. ಬುಧವಾರ ಬೆಳಿಗ್ಗೆ ಪೊಲೀಸರು ಅದನ್ನು ವಶಕ್ಕೆ ತೆಗೆದುಕೊಂಡಂದಿನಿಂದ, ಅದನ್ನು ಎಲ್ಲಿ ಒಯ್ದರೆ ಅಲ್ಲಿಗೆ ಅವರೂ ಹಿಂಬಾಲಿಸುತ್ತಿದ್ದರು. "ಇದೇ ಸ್ಟೂಲ್ ಮೇಲೆ ಕೂತಿದ್ದೆ. ನಾಲ್ಕೂವರೆ ಗಂಟೆ. ಅವನು ಬೆಸುಗೆ ಹಾಕ್ತಾನೇ ಇದ್ದ, ನಾನು ನೋಡ್ತಾನೇ ಇದ್ದೆ."

ದೊಡ್ಡಕ್ಕ ಕನ್ನಡಿಯಿಂದ ಕಣ್ಣೆತ್ತಿ ಸ್ಟೂಲನ್ನು ನೋಡಿದಳು. ಅದರ ಒಂದು ಕಾಲು ಗಿಡ್ಡ. ಅದರ ಮೇಲೆ ಕಾಲು ಗಂಟೆ ಕೂತರೆ ಸೊಂಟ ಹಿಡಿಯುತ್ತದೆ. ಗಿರಾಕಿಗಳು ತಲೆ ತಿನ್ನದೆ ಬೇಗ ಎದ್ದು ಹೋಗಲೆಂದೇ ಅಪ್ಪ ಅದನ್ನು ಸರಿಮಾಡದೆ ಬಿಟ್ಟಿದ್ದರು. ಅವಳು ಮತ್ತೆ ಕನ್ನಡಿಗೆ ಕಣ್ಣು ಹಚ್ಚಿದಳು. ಕೆಲವರ ಸೊಂಟ ಗಟ್ಟಿಯಿರುತ್ತದೆ.

"ಈ ಕೆಲಸ ಅವನ ಕೈದೇ ಅಂತ ನೀವು ಹೇಳಿದ್ರೆ, ಸಂಜೆಗೆ ಬಿಟ್ಟು ಕಳಿಸ್ತೀನಿ," ಎಂದರು ಮಫ್ತಿ.

"ನಾನು ಅವನ ಅಕ್ಕ. ನನ್ನ ಮಾತು ನಂಬ್ತೀರಾ?"

"ನಂಬೋದು ಬಿಡೋದು ಆಮೇಲೆ. ಬೇರೆ ಯಾರನ್ನ ಕೇಳಲಿ ಹೇಳಿ? ಊರೆಲ್ಲ ವಿಚಾರಿಸಿದೆ. ಇಂಥ ಗಿಟಾರ್ ಬಿಚ್ಚಿ ಜೋಡಿಸೋರು ಮೂರೇ ಜನ. ಒಬ್ಬರು ನಿಮ್ಮಪ್ಪ, ಈಗಿಲ್ಲ. ಇನ್ನೊಬ್ಬ ನನ್ನ ಹತ್ರ ಒಳಗಿದ್ದಾನೆ. ಉಳಿದೋರು ನೀವು."

"ನಾನು ಕಣ್ಣಿನ ಆಪರೇಷನ್ ಆದಮೇಲೆ ಕೆಲಸ ಬಿಟ್ಟೋಳು. ನಾಲ್ಕು ವರ್ಷ ಆಯ್ತು."

"ಕೈ ಮರೆತಿರುತ್ತಾ?"

ದೊಡ್ಡಕ್ಕ ಆಂಪ್ಲಿಫೈಯರಿನ ವೈರು ಚುಚ್ಚಿ, ಒಂದು ತಂತಿ ಮೀಟಿದಳು. ದನಿ ತಿಳಿಯಾಗಿ ಬಂತು. ಒಂದಿಷ್ಟೂ ಗುಂಯ್ ಇಲ್ಲ. ಮುಂದಿನ ಗುಂಡಿ ತಿರುಗಿಸಿದಳು, ದನಿ ಸಣ್ಣದಾಗಬೇಕಿತ್ತು. ಸಣ್ಣದಾಗಲಿಲ್ಲ, ಮಂಕಾಯಿತು.

ಅವಳ ಹುಬ್ಬು ಗಂಟಾಯಿತು. ಈ ಗಿಟಾರಿಗೆ ಎರಡೇ ಗುಂಡಿ. ಮುಂದಿನದು ದನಿಯನ್ನು ಏರಿಸಿ ಇಳಿಸಲು, ಹಿಂದಿನದು ದನಿಯ ಬಣ್ಣಕ್ಕೆ. ಇದು ಅದಲುಬದಲಾಗಿತ್ತು.

"ಓ, ಅದಾ," ಎಂದು ಮೇಷ್ಟ್ರು ಎದ್ದು ಬಂದರು. "ಈಗಿನವರು ಹಂಗೇ ಮಾಡೋದಂತೆ. ಸಣ್ಣ ಮಾಡ್ಬೇಕಾ? ನೋಡಿ, ಇದು." ನೋಡದೆಯೇ ಅವರ ಕಿರುಬೆರಳು ಹಿಂದಿನ ಗುಂಡಿಗೆ ಹೋಗಿ ಅದನ್ನು ಒತ್ತಿ ಹೊರಳಿಸಿತು. ದನಿ ಮೆಲ್ಲಗೆ ಇಳಿಯಿತು.

"ಐದು ಗಂಟೆಗೆ ಬನ್ನಿ ಸಾಹೇಬ್ರೆ," ಎಂದಳು ದೊಡ್ಡಕ್ಕ. "ಯಾರಾದ್ರೂ ನೋಡ್ತಾ ನಿಂತಿದ್ರೆ ನಂಗೆ ಕೆಲಸ ಓಡಲ್ಲ."

"ಹುಷಾರಮ್ಮ, ಅದು ನನ್ನ ಮಗು," ಎಂದರು ಮೇಷ್ಟ್ರು.

"ಮಗು ಅಂದೋರು ಒಳಗೆ ಧೂಳು ಕೂರೋಕೆ ಬಿಡ್ತಿರಲಿಲ್ಲ," ಎಂದಳು ದೊಡ್ಡಕ್ಕ. ಮಫ್ತಿ ಸಾಹೇಬರು ಮೀಸೆಯಲ್ಲೇ ನಕ್ಕು ಮೇಷ್ಟ್ರ ಹೆಗಲು ಹಿಡಿದು ಹೊರಗೆ ಕರೆದೊಯ್ದರು. ಬಾಗಿಲ ಹೊರಗೆ ಒಬ್ಬ ಪೇದೆ ಕುರ್ಚಿ ಹಾಕಿಕೊಂಡು ಕೂತ.

*

ಹಲಗೆ ಗಿಟಾರ್ ಬೇರೆ, ಟೊಳ್ಳು ಗಿಟಾರ್ ಬೇರೆ. ಹಲಗೆ ಗಿಟಾರಿಗೆ ಹಿಂದೆ ಒಂದು ಮುಚ್ಚಳ ಇರುತ್ತದೆ. ನಾಲ್ಕು ಸ್ಕ್ರೂ ತೆಗೆದರೆ ಕರುಳೆಲ್ಲ ಕಣ್ಣೆದುರಿಗೆ. ಟೊಳ್ಳು ಗಿಟಾರಿಗೆ ಹಿಂದೆ ಬಾಗಿಲಿಲ್ಲ. ಏನು ತೆಗೆಯುವುದಿದ್ದರೂ, ಏನು ಇಡುವುದಿದ್ದರೂ, ಆ ಎರಡು ಬೆರಳಗಲದ ಸೀಳಿನಿಂದಲೇ. ಬಾಟಲಿಯೊಳಗೆ ಹಡಗು ಕಟ್ಟಿದಂತೆ.

ದೊಡ್ಡಕ್ಕ ತಂತಿಗಳನ್ನು ಸಡಿಲಿಸಿ, ಗುಂಡಿಗಳನ್ನು ಕಿತ್ತು, ಅವುಗಳ ಕೆಳಗಿನ ಕಂಟ್ರೋಲುಗಳ ಕಡ್ಡಿಗೆ ಒಂದೊಂದು ಮೊಳದ ದಾರ ಕಟ್ಟಿದಳು. ಒಂದಕ್ಕೆ ಬಿಳಿ, ಒಂದಕ್ಕೆ ಕಪ್ಪು. ವೈರು ಚುಚ್ಚುವ ಜಾಕಿಗೆ ನೀಲಿ. ನಟ್ಟು ಬಿಚ್ಚಿ ಒಳಕ್ಕೆ ತಳ್ಳಿದಳು. ದಾರಗಳು ಮಾತ್ರ ತೂತುಗಳಲ್ಲಿ ಉಳಿದವು. ನಾಳೆ ಅವೇ ದಾರ ಎಳೆದರೆ ಕಂಟ್ರೋಲುಗಳು ದಾರಿ ತಪ್ಪದೆ ತಂತಮ್ಮ ತೂತಿಗೆ ಬಂದು ನಿಲ್ಲುತ್ತವೆ. ಆಮೇಲೆ ಕೊಕ್ಕೆ ಹಾಕಿ ಇಡೀ ಜೊಂಪೆಯನ್ನು ಸೀಳಿನಿಂದ ಹೊರಗೆ ತಂದಳು. ತಾಳ್ಮೆಗೆಟ್ಟು ಜಗ್ಗಿದರೆ ವಾರ್ನಿಷ್ ಕಿತ್ತು ಬರುತ್ತದೆ. ಅವಳು ಜಗ್ಗಲಿಲ್ಲ. ಇಡೀ ಆಯುಷ್ಯದಲ್ಲಿ ಅವಳು ಯಾವುದನ್ನೂ ಜಗ್ಗಿದವಳಲ್ಲ.

ಕನ್ನಡಕದ ಮೇಲೆ ಭೂತಗನ್ನಡಿ ಇಳಿಸಿಕೊಂಡು ಮೊದಲ ಬೆಸುಗೆ ನೋಡಿದಳು.

ಭೂತಗನ್ನಡಿ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು.

ತಮ್ಮ ಒಂಬತ್ತು ವರ್ಷದವನಿದ್ದಾಗ ಕಾದ ಬೆಸುಗೆ ಕಡ್ಡಿಯನ್ನು ತಪ್ಪು ಕಡೆಯಿಂದ ಹಿಡಿದುಕೊಂಡಿದ್ದ. ಹೆಬ್ಬೆರಳಿನ ಚರ್ಮವೇ ಎದ್ದಿತ್ತು. ಅಂದಿನಿಂದ ಬಿಸಿ ಅಂದರೆ ಅವನಿಗೆ ದಿಗಿಲು. ಕಡ್ಡಿ ತಾಗಿಸಿದ, ಎತ್ತಿದ. ಬಿಸಿ ಸಾಲದೆ ಸೀಸ ಹರಡುವುದೇ ಇಲ್ಲ, ಗಂಟುಗಂಟಾಗಿ ನಿಲ್ಲುತ್ತದೆ. "ಕೆಲಸಕ್ಕೆ ಗಡ್ಡೆ ಎದ್ದಿದೆಯಲ್ಲೋ" ಎಂದು ಅಪ್ಪ ಬೈಯುತ್ತಿದ್ದುದು ಅವಳ ಕಿವಿಯಲ್ಲಿ ಇನ್ನೂ ಇದೆ. ಅವನಿಗೆ ನಲವತ್ತು ವರ್ಷವಾದರೂ ಆ ಗಡ್ಡೆ ಇಳಿದಿರಲಿಲ್ಲ.

ಈ ಬೆಸುಗೆಯಲ್ಲಿ ಗಡ್ಡೆ ಇರಲಿಲ್ಲ. ವೈರಿನ ತುದಿಯನ್ನು ಕೊಕ್ಕೆ ಮಾಡಿ, ಒತ್ತಿ, ಸೀಸವನ್ನು ತೆಳ್ಳಗೆ ಹರಿಯಬಿಟ್ಟಿದ್ದರು. ನೊಣದ ಕಣ್ಣಿನ ಹಾಗೆ ಮಿನುಗುತ್ತಿತ್ತು. ಎರಡನೆಯದೂ ಹಾಗೇ. ಮೂರನೆಯದೂ. ಅಪ್ಪನಿಗೂ ಇಷ್ಟು ಸಮ ಬರುತ್ತಿರಲಿಲ್ಲ.

ಮತ್ತೆ, ಪ್ರತಿ ಬೆಸುಗೆಯ ಪಕ್ಕ, ಸೂಜಿಯ ತಲೆಯಷ್ಟು ಕೆಂಪು ಚುಕ್ಕೆ.

ಉಗುರಿನಿಂದ ಕೆರೆದಳು. ಸಿಪ್ಪೆಯಾಗಿ ಎದ್ದು ಬಂತು. ಉಗುರಿಗೆ ಹಚ್ಚುವ ಬಣ್ಣ. ಬೆಸುಗೆ ಎಂಟು, ಚುಕ್ಕೆ ಎಂಟು.

ದೊಡ್ಡಕ್ಕ ಇಂಥ ಚುಕ್ಕೆಯನ್ನು ಹಿಂದೆ ಒಮ್ಮೆ ನೋಡಿದ್ದಳು. ಹದಿನಾರೋ ಹದಿನೇಳೋ ವಯಸ್ಸು. ಅಪ್ಪ ಒಂದು ಕಾರ್ಖಾನೆ ರೇಡಿಯೋ ಬಿಚ್ಚಿ ತೋರಿಸಿದ್ದರು. 'ನೋಡು, ಇದು ಅಲ್ಲಿ ಸಾಲಾಗಿ ಕೂರೋ ಹೆಣ್ಮಕ್ಕಳ ಗುರುತು. ಬೆಸುಗೆ ಹಾಕಿ, ಎಳೆದು ನೋಡಿ, ಗಟ್ಟಿ ಇದೆ ಅಂತಾದ್ಮೇಲೆ ಚುಕ್ಕೆ ಇಡ್ತಾರೆ. ಚುಕ್ಕೆ ಇಲ್ಲದ್ದು ಮುಂದಕ್ಕೆ ಹೋಗಲ್ಲ.'

ಅವಳು ಭೂತಗನ್ನಡಿ ಎತ್ತಿ ಗೋಡೆ ನೋಡಿದಳು. ಗುಂಡಿ ಅದಲುಬದಲಾದದ್ದು ಯಾಕೆಂದು ಈಗ ತಾನೇ ತಾನಾಗಿ ತಿಳಿಯಿತು.

ಟೊಳ್ಳು ಗಿಟಾರಿನ ಕೆಲಸವನ್ನು ಮೊದಲು ಹೊರಗೆ ರಟ್ಟಿನ ಮೇಲೆ ಜೋಡಿಸಿಕೊಳ್ಳಬೇಕು. ಗಿಟಾರಿನ ಮುಖದ ಮೇಲೆ ರಟ್ಟಿಟ್ಟು ತೂತು ಗುರುತು ಮಾಡುವುದು. ಆದರೆ ಬೆಸುಗೆ ಹಾಕುವಾಗ ಕಂಟ್ರೋಲುಗಳು ಬೋರಲು ಮಲಗಿರುತ್ತವೆ. ಆದ್ದರಿಂದ ರಟ್ಟನ್ನು ಮಗುಚಿ ಹಾಕಿಕೊಳ್ಳಬೇಕು. ಮರೆತರೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ತಮ್ಮನ ಬೆಸುಗೆ ಎಷ್ಟೇ ಗಡ್ಡೆಯಾಗಿರಲಿ, ರಟ್ಟು ಮಗುಚುವುದನ್ನು ಅವನು ನಿದ್ದೆಗಣ್ಣಲ್ಲೂ ಮರೆಯುವವನಲ್ಲ.

ಬೆಸುಗೆಯಲ್ಲಿ ಪಳಗಿದ ಕೈ. ಟೊಳ್ಳು ಗಿಟಾರಿಗೆ ಹೊಸ ಕೈ. ಕಾರ್ಖಾನೆಯಲ್ಲಿ ಕೂತೆದ್ದ ಕೈ.

ದೊಡ್ಡಕ್ಕ ಮಹಡಿ ಮೆಟ್ಟಿಲ ಕಡೆ ತಿರುಗಿ ಕೂಗಿದಳು. "ಸ್ವಲ್ಪ ಕೆಳಗೆ ಬಾರೇ."

*

ತಮ್ಮನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಇಳಿದು ಬಂದಳು. ಮೂರು ದಿನ ಅತ್ತು ಮುಖ ಊದಿಕೊಂಡಿತ್ತು. ಬಾಯಿ ಮಾತ್ರ ಎಂದಿನಂತೆ ಚುರುಕು.

"ಟೀ ಬೇಕಾ ದೊಡ್ಡಕ್ಕ? ಹೊರಗೆ ಕೂತಿರೋ ಪುಣ್ಯಾತ್ಮನಿಗೂ ಕೊಡಬೇಕಾ? ಆಗಲೇ ಮೂರು ಲೋಟ ಆಯ್ತು ಅವನದು."

"ಟೀ ಬೇಡ. ಇದೊಂದು ಹಿಡಿ. ನನ್ನ ಕೈ ನಡುಗ್ತಿದೆ." ಡ್ರಾಯರಿನಿಂದ ಒಂದು ಹಳೇ ಕಂಟ್ರೋಲ್, ಒಂದು ತುಂಡು ವೈರು ತೆಗೆದು ಮುಂದಿಟ್ಟಳು. ಸಾಕ್ಷಿಯ ಮೇಲೆ ಹೊಸ ಬೆಸುಗೆ ಹಾಕಿಸುವಷ್ಟು ದಡ್ಡಿಯಲ್ಲ ಅವಳು. "ಒಂದು ಬೆಸುಗೆ ಹಾಕ್ಕೊಡು."

"ಅಯ್ಯೋ, ನಂಗೆ ಇಸ್ತ್ರಿ ಪೆಟ್ಟಿಗೆ ಹಿಡಿಯೋಕೇ ಭಯ. ಇದೆಲ್ಲಿ?"

"ನಾನು ಹೇಳಿಕೊಡ್ತೀನಿ. ಒಂದೇ ಒಂದು. ನಿನ್ನ ಗಂಡನ ಸಲುವಾಗಿ."

ಗಂಡ ಎಂದ ಕೂಡಲೇ ಅವಳು ಸ್ಟೂಲಿನ ತುದಿಯಲ್ಲಿ ಕೂತಳು. ಮೊದಲು ಕಡ್ಡಿಯನ್ನು ಬೇಕೆಂದೇ ಒಡ್ಡೊಡ್ಡಾಗಿ ಹಿಡಿದಳು. ಕಡ್ಡಿ ಕಾಯಿತು. ತಮ್ಮನ ಹೆಂಡತಿ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿದಳು. ಹೇಳಿಕೊಡುವ ಮೊದಲೇ ಒರೆಸಿದಳು. ವೈರಿನ ತುದಿ ಕೊಕ್ಕೆಯಾಯಿತು. ಕಡ್ಡಿ ತಾಗಿತು, ನಿಂತಿತು, ಸೀಸ ಕರಗಿ ಹರಿಯಿತು. ಊದಲಿಲ್ಲ. ಆರುವವರೆಗೆ ಅಲುಗಾಡದೆ ಹಿಡಿದಳು. ವೈರನ್ನು ಎಳೆದು ನೋಡಿದಳು.

ಆಮೇಲೆ ಅವಳ ಬಲಗೈ ತನ್ನಷ್ಟಕ್ಕೇ ಪಕ್ಕಕ್ಕೆ ಹೋಯಿತು. ಬೆಂಚಿನ ಖಾಲಿ ಮೂಲೆಯಲ್ಲಿ, ಇಲ್ಲದ ಒಂದು ಬಾಟಲಿಯ ಮುಚ್ಚಳ ತಿರುಗಿಸುವ ಹಾಗೆ ಎರಡು ಬೆರಳು ಕೂಡಿಕೊಂಡವು.

ಕೈ ಅಲ್ಲೇ ನಿಂತಿತು.

"ಬಾಟಲಿ ಮೇಲಿದೆಯಾ?" ಎಂದು ಕೇಳಿದಳು ದೊಡ್ಡಕ್ಕ.

"ಯಾವ ಬಾಟಲಿ?"

"ಕೆಂಪು ಬಣ್ಣದ್ದು. ನಿನ್ನ ಉಗುರಲ್ಲಿ ಬಣ್ಣ ಇದ್ದದ್ದು ನಾನು ಒಂದು ದಿನವೂ ಕಂಡಿಲ್ಲ."

ತಮ್ಮನ ಹೆಂಡತಿ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ಮದುವೆ ಟೈಮಲ್ಲಿ ಕಾರ್ಖಾನೇಲಿ ಡಬ್ಬಿ ತುಂಬೋ ಕೆಲಸ ಅಂದಿದ್ರು ನಿಮ್ಮವರು," ಎಂದಳು ದೊಡ್ಡಕ್ಕ.

"ಡಬ್ಬಿ ತುಂಬಿದ್ದು ಆರು ತಿಂಗಳು. ಆಮೇಲೆ ಎರಡು ವರ್ಷ ಬೆಸುಗೆ ಸಾಲಿನಲ್ಲಿದ್ದೆ. ಇಲ್ಲಿಗೆ ಬಂದು ಎಂಟು ವರ್ಷ, ನೀವು ಬೆಂಚು ಬಿಟ್ಟಮೇಲೆ ನಾಲ್ಕು. ಪೆಡಲ್ಲು, ಆಂಪು, ಹಲಗೆ ಗಿಟಾರು, ಎಲ್ಲಾ ನಾನೇ, ಮೇಲೆ ಅಡುಗೆಮನೆ ಕಟ್ಟೆ ಮೇಲೆ. ಅವರು ಕೌಂಟರಲ್ಲಿ ನಿಂತು ಮಾತಾಡ್ತಾರೆ. ಇದೇ ಮೊದಲನೇ ಟೊಳ್ಳು ಗಿಟಾರು."

"ರಟ್ಟು ಮಗುಚಿ ಹಾಕ್ಕೊಳ್ಳಲಿಲ್ಲ."

"ಯಾರು ಹೇಳಿಕೊಟ್ರು? ದಾರ ಎಳೆದು ಕೂರಿಸಿದ ಮೇಲೆ ಗೊತ್ತಾಯ್ತು. ವೈರು ಗಿಡ್ಡ, ಅದಲುಬದಲು ಮಾಡೋಕಾಗಲಿಲ್ಲ. ಹೊಸ ಪದ್ಧತಿ ಅಂತ ಹೇಳಿಬಿಡೋಣ ಅಂದ್ರು ಅವರು."

"ನನ್ನನ್ನ ಕೇಳಬೇಕಿತ್ತು."

"ನಿಮ್ಮನ್ನಾ?" ತಮ್ಮನ ಹೆಂಡತಿ ನಕ್ಕಳು. ಅದು ನಗುವಲ್ಲ. "ಬಂದ ಹೊಸದರಲ್ಲಿ ನಾನು ಈ ಬೆಂಚಿನ ಹತ್ರ ನಿಂತಾಗ ಏನಂದ್ರಿ? 'ಇದು ನಮ್ಮಪ್ಪ ಕೂರ್ತಿದ್ದ ಜಾಗ, ಒದ್ದೆ ಕೈಲಿ ಮುಟ್ಟಬೇಡ.' ನಿಮಗೆ ನೆನಪಿರಲ್ಲ ಬಿಡಿ."

ದೊಡ್ಡಕ್ಕನಿಗೆ ನೆನಪಿತ್ತು. ಯಾವ ವಾರ ಎಂಬುದೂ ನೆನಪಿತ್ತು. ಆದರೆ ಆ ನೋವಿಗೆ ಈಗ ಸಮಯವಿರಲಿಲ್ಲ. ಗೋಡೆ ಗಡಿಯಾರದಲ್ಲಿ ನಾಲ್ಕೂ ಹತ್ತು.

"ಒಂದು ಕೇಳ್ತೀನಿ, ಯೋಚನೆ ಮಾಡಿ ಹೇಳು. ಮೇಷ್ಟ್ರು ಮಂಗಳವಾರ ಇಲ್ಲೇ ಕೂತು, ಅವನು ಬೆಸುಗೆ ಹಾಕೋದನ್ನ ನೋಡ್ತಿದ್ದೆ ಅಂತಾರೆ. ಬೆಸುಗೆ ನಿಂದು. ಅವರ ಕಣ್ಣೆದುರಿಗೆ ಇದನ್ನ ಮೇಲೆ ಹೇಗೆ ತಗೊಂಡು ಹೋದೆ?"

ತಮ್ಮನ ಹೆಂಡತಿ ಸ್ಟ್ಯಾಂಡಿನಿಂದ ಕಡ್ಡಿ ತೆಗೆದು ಮತ್ತೆ ಸ್ಪಂಜಿಗೆ ಒರೆಸಿದಳು.

"ಮೇಷ್ಟ್ರು ಇದ್ರಾ, ಇರಲಿಲ್ವಾ?"

"ಇರಲಿಲ್ಲ." ದನಿ ಕುಸಿಯಿತು. "ಗಿಟಾರೂ ಇರಲಿಲ್ಲ ದೊಡ್ಡಕ್ಕ. ನಾನು ಕೆಲಸ ಮುಗಿಸಿದ್ದು ಸೋಮವಾರ. ಸೋಮವಾರ ಸಂಜೆನೇ ಮೇಷ್ಟ್ರು ಬಂದು ತಗೊಂಡು ಹೋದ್ರು."

ನೋಡದೆಯೇ ಹಿಂದಿನ ಗುಂಡಿಗೆ ಹೋದ ಮೇಷ್ಟ್ರ ಕಿರುಬೆರಳು ದೊಡ್ಡಕ್ಕನ ಕಣ್ಣ ಮುಂದೆ ಬಂತು. ಇಪ್ಪತ್ತು ವರ್ಷ ಮುಂದಿನ ಗುಂಡಿ ತಿರುಗಿಸಿದ ಬೆರಳು, ಮಂಗಳವಾರ ಒಂದು ಸಂಜೆಯಲ್ಲಿ ಆ ಚಾಳಿ ಬಿಡುತ್ತದೆಯೇ?

"ಮತ್ತೆ ಇಬ್ಬರೂ ಸೇರಿ ಒಂದೇ ಸುಳ್ಳು ಯಾಕೆ ಹೇಳ್ತಿದ್ದಾರೆ?"

"ಮಂಗಳವಾರ ರಾತ್ರಿ ಮೇಷ್ಟ್ರೇ ಬಂದ್ರು. 'ಪೊಲೀಸರು ನಿನ್ನನ್ನೇ ಹಿಡಿಯೋದು, ನೀನು ಜಗಳ ಆಡಿದ್ದು ಎಲ್ಲರಿಗೂ ಗೊತ್ತು. ನಾನು ನಿನ್ನ ಜೊತೆಗಿದ್ದೆ ಅಂತೀನಿ, ನೀನೂ ಹಂಗೇ ಅನ್ನು' ಅಂದ್ರು. ಎಷ್ಟು ಒಳ್ಳೆಯವರು ಅಂದ್ಕೊಂಡ್ವಿ."

"ನಿನ್ನ ಗಂಡನಿಗೆ ಒಂದು ಸಾಕ್ಷಿ ಸಿಕ್ಕಿತು. ಮೇಷ್ಟ್ರಿಗೂ ಒಂದು ಸಿಕ್ಕಿತು. ಅದು ತಲೆಗೆ ಹೋಗಲಿಲ್ವಾ?"

ತಮ್ಮನ ಹೆಂಡತಿಯ ಮುಖ ಬಿಳಿಚಿತು. ಹೊಳೆದಿತ್ತೋ ಇಲ್ಲವೋ, ಹೇಳುವುದು ಕಷ್ಟ.

"ಅವನು ಎಲ್ಲಿದ್ದ ಮಂಗಳವಾರ?"

"ಇಲ್ಲೇ. ಒಬ್ಬರೇ. ಅಂಗಡೀಲಿ."

"ನೀನು ನೋಡಿದ್ಯಾ?"

"ಮೇಲಿಂದ... ಕೆಮ್ಮೋದು ಕೇಳಿಸ್ತಿತ್ತು."

ತಮ್ಮನಿಗೆ ಕೆಮ್ಮು ಬಂದದ್ದು ಲಾಕಪ್ಪಿನ ತಣ್ಣನೆ ನೆಲದ ಮೇಲೆ ಮಲಗಿದ ಮೇಲೆ. ದೊಡ್ಡಕ್ಕ ಅದನ್ನೂ ಮನಸ್ಸಿನ ಒಂದು ಮೂಲೆಯಲ್ಲಿ ಎತ್ತಿಟ್ಟುಕೊಂಡಳು.

ತಮ್ಮನ ಹೆಂಡತಿ ಸ್ಟೂಲಿನಿಂದ ಇಳಿದು ಅವಳ ಮೊಣಕಾಲು ಹಿಡಿದಳು. "ಅವರದೇ ಕೈ ಅಂತ ಹೇಳಿಬಿಡಿ. ಒಂದೇ ಮಾತು. ಸುಳ್ಳು ಅಂತ ಯಾರು ಹೇಳ್ತಾರೆ? ಗೊತ್ತಿರೋದು ನಿಮಗೆ, ನಂಗೆ. ಈ ಚುಕ್ಕೆ ಎಲ್ಲ ನಾನು ಈಗಲೇ ಕೆರೆದು ಹಾಕ್ತೀನಿ."

"ಮೇಷ್ಟ್ರೇ ತಳ್ಳಿದ್ದಾಗಿದ್ರೆ? ಅವರೂ ಬಚಾವಾಗ್ತಾರೆ."

"ಆಗ್ಲಿ ಬಿಡಿ! ನನ್ನ ಗಂಡ ಮನೆಗೆ ಬಂದ್ರೆ ಸಾಕು. ನಿಮ್ಮ ತಮ್ಮ ಅಲ್ವಾ ಅವರು? ಎತ್ತಿ ಆಡಿಸಿದ ತಮ್ಮ ಅಲ್ವಾ?"

ಎತ್ತಿ ಆಡಿಸಿದ್ದು ಮಾತ್ರವಲ್ಲ. ಹೆಬ್ಬೆರಳು ಸುಟ್ಟ ದಿನ ಇಡೀ ರಾತ್ರಿ ಆ ಬೆರಳನ್ನು ತಣ್ಣೀರಿನಲ್ಲಿ ಹಿಡಿದು ಕೂತಿದ್ದಳು. ಒಂದು ಮಾತು ಸಾಕಿತ್ತು. ಐದು ಗಂಟೆಗೆ ಬಾಗಿಲು ತೆರೆಯುತ್ತದೆ, 'ಅವನದೇ' ಎಂದರೆ ಆರಕ್ಕೆ ತಮ್ಮ ಮನೆಯಲ್ಲಿ.

ಆದರೆ ಆ ಮಾತು ನಿಲ್ಲುವುದು ಮೇಷ್ಟ್ರ ನಾಲಿಗೆಯ ಮೇಲೆ. ನಾಳೆ ಅವರು ಕೈ ಬಿಟ್ಟರೆ, 'ನಾನಿರಲಿಲ್ಲ, ಅವನೇ ಹೇಳಿಸಿದ' ಎಂದುಬಿಟ್ಟರೆ, ತಮ್ಮ ನಡುನೀರಿನಲ್ಲಿ. ಸುಳ್ಳಿನ ದಾರ ಇನ್ನೊಬ್ಬರ ಕೈಯಲ್ಲಿರುವಾಗ ಅದನ್ನು ನಂಬಿ ತಮ್ಮನನ್ನು ಕೆಳಗಿಳಿಸುವುದು ಹೇಗೆ?

ಐದು ಹೊಡೆಯಲು ಇನ್ನೂ ಎರಡು ನಿಮಿಷವಿತ್ತು. ಮಫ್ತಿ ಸಾಹೇಬರು ಒಬ್ಬರೇ ಬಂದರು. ಕೈಯಲ್ಲಿ ಮಡಿಸಿದ ಒಂದು ಕಾಗದ.

"ಹೇಳಿ ದೊಡ್ಡಕ್ಕ."

ಬೆನ್ನ ಹಿಂದೆ ನಿಂತಿದ್ದ ತಮ್ಮನ ಹೆಂಡತಿ ಅವಳ ಸೆರಗಿನ ತುದಿ ಹಿಡಿದುಕೊಂಡಳು.

"ಇದು ನನ್ನ ತಮ್ಮನ ಕೈಯಲ್ಲ," ಎಂದಳು ದೊಡ್ಡಕ್ಕ. "ಮಂಗಳವಾರ ಆದ ಕೆಲಸವೂ ಅಲ್ಲ. ಇವಳು ಮಾಡಿದ್ದು, ಸೋಮವಾರ. ಮೇಷ್ಟ್ರು ಮಂಗಳವಾರ ಇಲ್ಲಿ ಕೂತೇ ಇಲ್ಲ. ಅವರು ಎಲ್ಲಿದ್ದರು ಅಂತ ಅವರನ್ನ ಕೇಳಿ."

ಗೆದ್ದವರ ಕಳೆ ಮಫ್ತಿ ಸಾಹೇಬರ ಮುಖದಲ್ಲಿ ಬರಲಿಲ್ಲ. ಅವರು ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಕೂತು, ಓಲಾಡಿ, ಕಾಲೂರಿಕೊಂಡರು.

"ಇಲ್ಲಿಂದ ಹೋದವನು ನಿಮ್ಮ ತಮ್ಮನ ಹತ್ರ ಹೋದೆ. ಮೂರು ದಿನದಿಂದ ಕಲ್ಲು ಕೂತ ಹಾಗೆ ಕೂತಿದ್ದ. 'ನಿಮ್ಮಕ್ಕ ಗಿಟಾರ್ ಬಿಚ್ತಿದ್ದಾರೆ' ಅಂದೆ. ಅಷ್ಟೇ ಅಂದಿದ್ದು. ಕಾಗದ ಕೊಡಿ ಅಂದ."

"ಏನು ಬರೆದ?"

ಅವರು ಮಡಿಕೆ ಬಿಚ್ಚಿ ಓದಿದರು. "'ಮಂಗಳವಾರ ಮೂರು ಗಂಟೆಗೆ ನಾನೇ ಗೋಡೌನಿಗೆ ಹೋಗಿದ್ದೆ. ಯಜಮಾನರು ಮೆಟ್ಟಿಲ ಮೇಲ್ತುದಿಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದರು. ಹಿಂದಿನಿಂದ ನೂಕಿದೆ. ಬೇರೆ ಯಾರಿಗೂ ಇದರಲ್ಲಿ ಸಂಬಂಧವಿಲ್ಲ.' ಕೆಳಗೆ ಸಹಿ."

ಗಿಟಾರ್ ಬಿಚ್ಚಿದರೆ ಅಕ್ಕ ಬೆಸುಗೆಯ ಕೈ ಗುರುತಿಸುತ್ತಾಳೆಂದು ಅವನಿಗೆ ಗೊತ್ತಿತ್ತು; ದೊಡ್ಡಕ್ಕ ಬೆಂಚಿನ ಅಂಚು ಹಿಡಿದುಕೊಂಡಳು.

"ಬೆನ್ನು ಮಾಡಿ ನಿಂತಿರಲಿಲ್ಲ."

ಹೇಳಿದ್ದು ತಮ್ಮನ ಹೆಂಡತಿ. ಮೆಲ್ಲಗೆ, ಲೆಕ್ಕ ತಪ್ಪಿದ್ದನ್ನು ತಿದ್ದುವವರ ಹಾಗೆ. ದೊಡ್ಡಕ್ಕ ಅವಳ ಬಾಯಿ ಮುಚ್ಚಲು ಕೈ ಎತ್ತಿದಳು. ತಡವಾಗಿತ್ತು.

ಮಫ್ತಿ ಸಾಹೇಬರು ಕಾಗದ ಮಡಿಸಿದರು. "ಅದು ನಿಮಗೆ ಹೇಗೆ ಗೊತ್ತಮ್ಮಾ?"

"ನಾನು ಮೆಟ್ಟಿಲ ಕೆಳಗಿದ್ದೆ. ಯಜಮಾನರು ತಳ್ಳಿದೋರಿಗೆ ಎದುರುಬದುರಾಗಿ ನಿಂತು ನಗ್ತಾ ಮಾತಾಡ್ತಿದ್ರು. ಎದೆ ಮೇಲೆ ಕೈಯಿಟ್ಟು ತಳ್ಳಿದ್ದನ್ನ ನಾನು ಕಣ್ಣಾರೆ ಕಂಡೆ."

"ತಳ್ಳಿದ್ದು ಯಾರು? ನಿಮ್ಮ ಗಂಡನಾ? ಮೇಷ್ಟ್ರಾ?"

ಅವಳು ಇಬ್ಬರ ಹೆಸರಿಗೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ದ್ವೇಷವೋ ಕನಿಕರವೋ ತಿಳಿಯದ ಒಂದು ನೋಟದಲ್ಲಿ ದೊಡ್ಡಕ್ಕನನ್ನು ನೋಡಿದಳು.

"ಹೇಳ್ತೀನಿ ಸಾಹೇಬ್ರೆ," ಎಂದಳು. "ಮೊದಲು ದೊಡ್ಡಕ್ಕನ್ನ ಹೊರಗೆ ಕಳಿಸಿ. ಅವರೆದುರಿಗೆ ಹೇಳೋಕಾಗಲ್ಲ."